ಮನೆಯಲ್ಲಿಯೂ ನೆರೆಯಲ್ಲಿಯೂ ಕ್ರಿಸ್ತನ ಶಿಷ್ಯರು

(ಸಭೆಯ ಕೂಟಗಳಲ್ಲಿಯೂ ಮನೆಪ್ರಾರ್ಥನೆಯಲ್ಲಿಯೂ ಓದತಕ್ಕ ಪಾಠ)

ಓದತಕ್ಕ ವೇದಭಾಗ: ಮಾರ್ಕ 1ನೆಯ ಅಧ್ಯಾಯ, 29ರಿಂದ 35ನೆಯ ವಚನದ ವರೆಗೆ.
ಇದರೊಂದಿಗೆ ನೋಡತಕ್ಕವು: ಲೂಕ 10: 25–37, ಯೋಹಾನ 13: 1–17, 1 ತಿಮೊಥೆ 5: 4–8.



ಶಿಷ್ಯನೆಂಬ ಮಾತು ನಮ್ಮ ದೇಶದಲ್ಲಿ ಹೊಸದಲ್ಲ. ಗುರುವಿನ ಪಾದದ ಬಳಿಯಲ್ಲಿ ಕೂತುಕೊಂಡು ಕಲಿಯುವವನು ಶಿಷ್ಯನೆಂದೂ, ಅಂಥವನು ಮನೆಮಾರುಗಳನ್ನು ಬಿಟ್ಟು ಮಠವನ್ನೋ ಕಾಡನ್ನೋ ಸೇರತಕ್ಕವನೆಂದೂ ಜನರು ಎಣಿಸುತ್ತಾರೆ. ಈ ಎಣಿಕೆಯು ನಮ್ಮ ಸಭೆಗಳೊಳಗೂ ಸದ್ದಿಲ್ಲದೆ ಬಂದು ಕೂತಿದೆ. ಆದದರಿಂದಲೇ ಶಿಷ್ಯತ್ವವೆಂಬದು ಅಯ್ಯನವರಿಗೂ ಉಪದೇಶಿಗೂ ಸೇರಿದ್ದು. ತೋಟದ ಕೂಲಿಗೂ ಒಲೆಯ ಮುಂದಿನ ಹೆಂಗಸಿಗೂ ಭಾನುವಾರದ ಆರಾಧನೆಯೇ ಸಾಕೆಂದು ಅನೇಕರು ಸಮಾಧಾನವಾಗಿರುತ್ತಾರೆ. ಆದರೆ ಕರ್ತನು ತನ್ನ ಮೊದಲನೆಯ ಶಿಷ್ಯರನ್ನು ಕರೆದ ಮೇಲೆ ಅವರನ್ನು ಎಲ್ಲಿಗೆ ಕರಕೊಂಡು ಹೋದನು? ಮೊದಲು ಸಭಾಮಂದಿರಕ್ಕೆ, ಅಲ್ಲಿಂದ ನೆಟ್ಟಗೆ ಒಂದು ಮನೆಗೆ. ಆ ಮನೆಯಲ್ಲಿ ಜ್ವರದಿಂದ ಮಲಗಿದ್ದ ಒಬ್ಬ ಹೆಂಗಸು ಇದ್ದಳು. ಈ ಚಿಕ್ಕ ಚರಿತ್ರೆಯನ್ನು ಮಾರ್ಕನು ಕೆಲವೇ ವಚನಗಳಲ್ಲಿ ಹೇಳಿ ಮುಗಿಸುತ್ತಾನೆ. ಆದರೂ ಶಿಷ್ಯನ ಮನೆಯು ಹೇಗಿರಬೇಕು, ಅದರ ಬಾಗಿಲು ಎತ್ತ ತೆರೆದಿರಬೇಕು ಎಂಬದೆಲ್ಲಾ ಇದರಲ್ಲಿ ಅಡಗಿದೆ. ತಾಳಗುಪ್ಪ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಜ್ವರವೆಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೀಗಿರಲಾಗಿ ಈ ಪಾಠವು ನಮಗಾಗಿಯೇ ಬರೆದಿಟ್ಟಂತೆ ಇರುವದು.

1. ಆರಾಧನೆಯಿಂದ ಮನೆಗೆ

ಆ ದಿನವು ಸಬ್ಬತ್ ದಿನವಾಗಿತ್ತು. ಕಪೆರ್ನೌಮಿನ ಸಭಾಮಂದಿರದಲ್ಲಿ ಕರ್ತನು ಅಧಿಕಾರದಿಂದ ಬೋಧಿಸಿದನು, ದೆವ್ವ ಹಿಡಿದವನನ್ನು ಬಿಡಿಸಿದನು, ಜನರು ಬೆರಗಾದರು. ಆದರೆ ಆತನು ಆ ಬೆರಗಿನ ನಡುವೆ ನಿಂತುಕೊಳ್ಳದೆ, ಸೀಮೋನ ಅಂದ್ರೆಯರ ಮನೆಗೆ ಹೋದನು. ದೇವಾಲಯದಲ್ಲಿ ಕೇಳಿದ್ದು ಮನೆಯ ಹೊಸ್ತಿಲನ್ನು ದಾಟದಿದ್ದರೆ ಅದು ಕಿವಿಯಲ್ಲಿಯೇ ಉಳಿಯುವ ಮಾತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಜ್ವರದಿಂದ ಮಲಗಿದ್ದವಳು ಸೀಮೋನನ ತಾಯಿಯಲ್ಲ, ಅವನ ಹೆಂಡತಿಯ ತಾಯಿ. ಹೆಂಡತಿಯ ತಾಯಿಯನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿರುವ ಅಳಿಯನನ್ನು ನಮ್ಮಲ್ಲಿ ಜನರು ಹಗುರಾಗಿ ಮಾತಾಡುವದುಂಟು. ಮುದುಕಿಯು ಮಗನ ಮನೆಯಲ್ಲಿ ಇರತಕ್ಕವಳಲ್ಲವೇ, ಇಲ್ಲಿ ಯಾಕೆ ಇದ್ದಾಳೆ ಎಂದು ಕೇಳುತ್ತಾರೆ. ಸೀಮೋನನು ಈ ಮಾತಿಗೆ ಹೆದರಲಿಲ್ಲ. ಅವನು ಬಲೆಗಳನ್ನು ಬಿಟ್ಟು ಕರ್ತನ ಹಿಂದೆ ಹೊರಟವನೇ. ಆದರೆ ಮನೆಯ ಮುದುಕಿಯನ್ನು ಬಿಟ್ಟು ಹೊರಟವನಲ್ಲ. ಎಲ್ಲವನ್ನೂ ಬಿಡುವದೆಂದರೆ ಹೊಣೆಯನ್ನು ಬಿಡುವದೆಂದು ತಿಳಿಯಬಾರದು. ತನ್ನ ಮನೆಯವರ ಚಿಂತೆಯನ್ನು ಮಾಡದವನು ನಂಬಿಕೆಯನ್ನೇ ಅಲ್ಲಗಳೆದವನಂತಾಗುತ್ತಾನೆಂದು ಪೌಲನು ತಿಮೊಥೆಗೆ ಬರೆದದ್ದನ್ನು ಓದಿ ನೋಡಿರಿ.

ಆದದರಿಂದ ನಮ್ಮ ಶಿಷ್ಯತ್ವದ ಪರೀಕ್ಷೆಯು ಮೊದಲು ಮನೆಯೊಳಗೆ ನಡೆಯುವದು. ಅಡಿಕೆ ಕೊಯ್ಲಿನ ತಿಂಗಳುಗಳನ್ನು ತೆಗೆದುಕೊಳ್ಳೋಣ. ಗಂಡಸರು ಹಗಲೆಲ್ಲಾ ಕೊನೆ ಇಳಿಸಿ ಹೊತ್ತು ದಣಿದು ಬರುತ್ತಾರೆ, ಇದು ನಿಜ. ಹೆಂಗಸರು ಹಗಲೆಲ್ಲಾ ದುಡಿದು, ರಾತ್ರಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದು, ಕೋಳಿ ಕೂಗುವದಕ್ಕೆ ಮುಂಚೆ ಎದ್ದು ಒಲೆ ಹಚ್ಚುತ್ತಾರೆ, ಇದೂ ನಿಜ. ದಣಿದ ಇಬ್ಬರಲ್ಲಿ ಒಬ್ಬನು ಜಗಲಿಯ ಮೇಲೆ ಕಾಲು ಚಾಚಿ ಕೂತಿರುವಾಗ ಇನ್ನೊಬ್ಬಳು ನೀರು ಸೇದುತ್ತಿದ್ದರೆ, ಆ ಮನೆಯಲ್ಲಿ ರಾತ್ರಿಯ ಪ್ರಾರ್ಥನೆಯು ಎಷ್ಟು ಉದ್ದವಾಗಿದ್ದರೂ ಪ್ರಯೋಜನವೇನು? ಕರ್ತನು ಹಿಡಿದದ್ದು ರಾಜದಂಡವನ್ನಲ್ಲ, ಅಂಗವಸ್ತ್ರವನ್ನೂ ಬೋಗುಣಿಯನ್ನೂ. ಗುರುವು ಶಿಷ್ಯರ ಕಾಲು ತೊಳೆದ ಮೇಲೆ, ಗಂಡನು ಕೊಡ ಹೊತ್ತರೆ ಮಾನ ಹೋಗುವದೆಂದು ಹೇಳಲು ನಮಗೆ ಎಡೆಯಿಲ್ಲ.

ಕೂಲಿಯ ಹಣದ ವಿಷಯವೂ ಹೀಗೆಯೇ. ವಾರದ ಕೂಲಿಯು ಸಾರಾಯಿಯ ಬಾಟಲಿಯಲ್ಲಿ ಕರಗಿಹೋಗಿ, ಮಕ್ಕಳು ತಾಯಿಯ ಮುಖವನ್ನು ನೋಡುವ ಮನೆಗಳು ನಮ್ಮ ಸಭೆಗಳಲ್ಲಿ ಇಲ್ಲವೆಂದು ಹೇಳಲಾರೆವು. ಅಂಥವನನ್ನು ಸಭೆಯ ಮುಂದೆ ನಿಲ್ಲಿಸಿ ನಾಚಿಕೆಪಡಿಸುವದು ಸುಲಭ; ಅವನ ಜೊತೆಯಲ್ಲಿ ಸಂಜೆ ನಡೆದು ಮನೆಯ ವರೆಗೆ ಕಳುಹಿಸಿ ಬರುವದು ಕಷ್ಟ. ಇದರಲ್ಲಿ ಹೆಚ್ಚು ಪ್ರೀತಿ ಯಾವದರಲ್ಲಿ ಇರುವದೆಂದು ಸಭೆಯ ಹಿರಿಯರು ಆಲೋಚಿಸಲಿ.

2. ಅವರು ಆತನಿಗೆ ತಿಳಿಸಿದರು

ಮನೆಯವರು ಜ್ವರವನ್ನು ಮುಚ್ಚಿಡಲಿಲ್ಲ. ದೊಡ್ಡ ಗುರುವು ಮನೆಗೆ ಬಂದಿರುವಾಗ ಒಳಕೋಣೆಯ ಸಂಕಟವನ್ನು ಹೇಳುವದು ಹೇಗೆಂದು ಹಿಂಜರಿಯಲೂ ಇಲ್ಲ. ಕೂಡಲೆ ತಿಳಿಸಿದರು. ಪ್ರಾರ್ಥನೆ ಎಂಬದು ಮೂಲದಲ್ಲಿ ಇಷ್ಟೇ: ಒಬ್ಬರ ಕಷ್ಟವನ್ನು ಬಲ್ಲವರು ಅದನ್ನು ಕರ್ತನಿಗೆ ತಿಳಿಸುವದು. ಆದರೆ ತಿಳಿಸಬೇಕಾದರೆ ಮೊದಲು ತಿಳಿದಿರಬೇಕು. ನೆರೆಮನೆಯಲ್ಲಿ ಯಾರು ಮಲಗಿದ್ದಾರೆಂದು ಅರಿಯದವನು ಅವರಿಗಾಗಿ ಏನೆಂದು ಬೇಡಿಕೊಳ್ಳುವನು?

ನಮ್ಮ ಮಲೆನಾಡಿನಲ್ಲಿ ಈ ತಿಳಿಸುವ ಕೆಲಸಕ್ಕೆ ಮತ್ತೊಂದು ತೂಕವುಂಟು. ಇಸವಿ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳುತ್ತಾ, ಸುತ್ತಲಿನ ಹಳ್ಳಿಗಳ ಜನರು ಕಡು ಜ್ವರದಿಂದ ಮಲಗುತ್ತಾ ಬಂದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಇದು ಅದು ವರೆಗೆ ಯಾರೂ ಅರಿಯದಿದ್ದ ಒಂದು ವೈರಸಿನಿಂದ ಬರುವ ರೋಗವೆಂದು ಕಂಡುಹಿಡಿದರು. ಲೋಕದ ವೈದ್ಯಗ್ರಂಥಗಳಲ್ಲಿ ಅದಕ್ಕೆ ಆ ಕಾಡಿನ ಹೆಸರೇ ನಿಂತಿತು; ನಮ್ಮ ಜನರು ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. 2018ರ ಕೊನೆಯಿಂದ 2019ರ ಬೇಸಿಗೆಯ ವರೆಗೆ ಸಾಗರ ತಾಲೂಕಿನ ಅರಳಗೋಡಿನ ಸುತ್ತಿನ ಊರುಗಳಲ್ಲಿ ಅದು ಎಷ್ಟು ಮನೆಗಳಿಗೆ ದುಃಖವನ್ನು ತಂದಿತೆಂಬದನ್ನು ಈ ಸೀಮೆಯವರು ಮರೆತಿಲ್ಲ. ತೀರ್ಥಹಳ್ಳಿ ಹೊಸನಗರಗಳ ಕಾಡಂಚಿನ ಹಳ್ಳಿಗಳಿಗೂ ಅದು ಬಂದದ್ದುಂಟು.

ರೋಗವು ಹರಡುವ ಬಗೆಯನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಕಾಡಿನಲ್ಲಿರುವ ಉಣುಗುಗಳು, ಅಂದರೆ ಉಣ್ಣೆಗಳು, ಈ ವೈರಸನ್ನು ಹೊತ್ತಿರುತ್ತವೆ. ಮಳೆಗಾಲ ಕಳೆದು ಎಲೆ ಉದುರುವ ದಿನಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕವಾದ ಎಳೆಯ ಉಣುಗುಗಳು ತರಗೆಲೆಯಲ್ಲಿ ತುಂಬಿಕೊಂಡಿರುತ್ತವೆ. ಮಂಗಗಳಿಗೆ ಅವು ಕಚ್ಚಿದರೆ ಮಂಗಗಳು ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಆ ಸ್ಥಳವನ್ನೆಲ್ಲಾ ಅಪಾಯದ ಸ್ಥಳವನ್ನಾಗಿ ಮಾಡುತ್ತವೆ. ತರಗು ಗುಡಿಸಲಿಕ್ಕೂ, ಸೊಪ್ಪು ಸೌದೆ ತರಲಿಕ್ಕೂ, ದನ ಮೇಯಿಸಲಿಕ್ಕೂ ಹೋದ ಮನುಷ್ಯನಿಗೆ ಅವು ಕಚ್ಚಿದರೆ ಕೆಲವು ದಿನಗಳೊಳಗೆ ಚಳಿ, ಕಡು ಜ್ವರ, ತಲೆನೋವು, ಮೈನೋವು ಆರಂಭವಾಗುವವು. ಕೆಲವರಲ್ಲಿ ಮೂಗು ವಸಡುಗಳಿಂದ ರಕ್ತ ಬರುವದೂ ಉಂಟು. ರೋಗಕ್ಕೆ ಗುರಿಯಾದ ನೂರು ಮಂದಿಯಲ್ಲಿ ಸುಮಾರು ಮೂವರಿಂದ ಐವರು ಸಾಯುತ್ತಾರೆಂದು ವೈದ್ಯರು ಲೆಕ್ಕ ಹೇಳುತ್ತಾರೆ. ಬೇರನ್ನೇ ಕೀಳುವ ಔಷಧವು ಇದಕ್ಕಿಲ್ಲ. ಬೇಗನೆ ಆಸ್ಪತ್ರೆಗೆ ಸೇರಿಸಿ ದೇಹದ ಬಲವನ್ನು ಕಾಪಾಡುವದೇ ಚಿಕಿತ್ಸೆ. ಹಿಂದೆ ಅನೇಕ ವರುಷ ಹಾಕುತ್ತಿದ್ದ ಲಸಿಕೆಯು ತಕ್ಕ ರಕ್ಷಣೆಯನ್ನು ಕೊಡದೆ ಹೋದದರಿಂದ ಅದನ್ನು ನಿಲ್ಲಿಸಲಾಯಿತು.

ಹೀಗಿರುವಾಗ ತಿಳಿಸುವದು ಪ್ರೀತಿಯ ಕೆಲಸವಾಗಿದೆ. ಕಾಡಿನಲ್ಲಿ ಸತ್ತ ಮಂಗವನ್ನು ಕಂಡವನು, ನನಗೇಕೆ ಎಂದು ಸುಮ್ಮನೆ ದಾಟಿ ಬರಬಾರದು. ಅದನ್ನು ಮುಟ್ಟದೆ, ಆಶಾ ಕಾರ್ಯಕರ್ತೆಗೋ ಪಂಚಾಯತಿಯವರಿಗೋ ಆ ಹೊತ್ತೇ ಹೇಳಿದರೆ, ನಾಳೆ ಅದೇ ದಾರಿಯಲ್ಲಿ ಸೌದೆಗೆ ಹೋಗುವ ನೆರೆಯವಳ ಪ್ರಾಣ ಉಳಿಯಬಹುದು. ಯೆರಿಕೋವಿನ ದಾರಿಯಲ್ಲಿ ಯಾಜಕನೂ ಲೇವಿಯೂ ಮಾಡಿದ ತಪ್ಪು ಹೊಡೆದದ್ದಲ್ಲ, ಕದ್ದದ್ದಲ್ಲ, ಕಂಡು ದಾಟಿಹೋದದ್ದೇ. ಹಾಗೆಯೇ ಜ್ವರ ಬಂದಾಗ ದೇವರಿಗೆ ತಿಳಿಸುವದೂ ವೈದ್ಯನಿಗೆ ತಿಳಿಸುವದೂ ಒಂದಕ್ಕೊಂದು ವಿರೋಧವಲ್ಲ. ಪ್ರಾರ್ಥಿಸಿದ್ದೇನೆ, ಇನ್ನು ಆಸ್ಪತ್ರೆ ಯಾಕೆ ಎನ್ನುವವನು ನಂಬಿಕೆಯನ್ನು ತೋರಿಸುವದಿಲ್ಲ, ದೇವರನ್ನು ಪರೀಕ್ಷಿಸುತ್ತಾನೆ. ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದ ಸಮಾರ್ಯದವನನ್ನು ಕರ್ತನೇ ನಮಗೆ ಮಾದರಿಯಾಗಿ ಇಟ್ಟಿದ್ದಾನಲ್ಲವೇ?

3. ಆತನು ಕೈಹಿಡಿದನು

ಕರ್ತನು ದೂರದಲ್ಲಿ ನಿಂತು ಮಾತಿನಿಂದಲೇ ಗುಣಮಾಡಬಲ್ಲವನು. ಬೇರೆ ಕಡೆಗಳಲ್ಲಿ ಹಾಗೆ ಮಾಡಿಯೂ ಇದ್ದಾನೆ. ಇಲ್ಲಿಯಾದರೋ ಹತ್ತಿರ ಬಂದು ಕೈಹಿಡಿದು ಎಬ್ಬಿಸಿದನು. ಜ್ವರದಿಂದ ಸುಡುತ್ತಿರುವ ಕೈಯನ್ನು ಇನ್ನೊಂದು ಕೈ ಹಿಡಿಯುವದರಲ್ಲಿ ಎಂಥಾ ಸಮಾಧಾನ ಉಂಟೆಂದು ಮಲಗಿ ಎದ್ದವರು ಬಲ್ಲರು.

ನಮ್ಮ ಹಳ್ಳಿಗಳಲ್ಲಿ ಮಂಗನ ಕಾಯಿಲೆ ಬಂದ ಮನೆಯ ಗತಿ ಏನು? ಆ ಮನೆಯ ದಾರಿಯಲ್ಲಿ ಜನರು ನಡೆಯುವದಿಲ್ಲ. ಆ ಮನೆಯ ಮಕ್ಕಳ ಜೊತೆಯಲ್ಲಿ ಆಡಬೇಡವೆಂದು ತಾಯಂದಿರು ಹೇಳುತ್ತಾರೆ. ಕೂಲಿಗೆ ಕರೆಯುವವರು ಇಲ್ಲದೆ, ಜ್ವರದಿಂದ ಉಳಿದವರು ಹಸಿವೆಯಿಂದ ಬಳಲುತ್ತಾರೆ. ಆದರೆ ಕೇಳಿರಿ: ಈ ರೋಗವು ಮನುಷ್ಯನಿಂದ ಮನುಷ್ಯನಿಗೆ ಹರಡುವದಿಲ್ಲ. ಇದು ಉಣುಗು ಕಚ್ಚುವದರಿಂದಲೂ ರೋಗ ತಗಲಿದ ಮಂಗವನ್ನು ಮುಟ್ಟುವದರಿಂದಲೂ ಬರುವದೇ ಹೊರತು, ರೋಗಿಯ ಮಗ್ಗುಲಲ್ಲಿ ಕೂತುಕೊಳ್ಳುವದರಿಂದ ಬರುವದಿಲ್ಲ. ಆದದರಿಂದ ಅವನ ಹಣೆಗೆ ಒದ್ದೆ ಬಟ್ಟೆ ಇಡಲು, ಅವನಿಗೆ ಗಂಜಿ ಕುಡಿಸಲು, ಅವನನ್ನು ಎತ್ತಿ ಬಂಡಿಯಲ್ಲೋ ಆಟೋದಲ್ಲೋ ಕೂಡಿಸಲು ಕ್ರಿಸ್ತನ ಶಿಷ್ಯನಿಗೆ ಅಡ್ಡಿಯೇನೂ ಇಲ್ಲ. ಅಡ್ಡಿಯಾಗಿರುವದು ಭಯವೊಂದೇ. ಪೂರ್ಣ ಪ್ರೀತಿಯು ಭಯವನ್ನು ಹೊರಡಿಸುವದೆಂದು ಯೋಹಾನನು ಬೋಧಿಸಿದ್ದಾನೆ. ಇಲ್ಲಿ ಭಯವನ್ನು ಹೊರಡಿಸಲಿಕ್ಕೆ ಪ್ರೀತಿಯ ಜೊತೆಗೆ ಸ್ವಲ್ಪ ತಿಳುವಳಿಕೆಯೂ ಬೇಕು.

ನಿಜವಾಗಿ ಅಪಾಯವಿದ್ದ ಕಾಲಗಳಲ್ಲಿಯೂ ನಮ್ಮ ಪೂರ್ವಿಕರಾದ ಸಭೆಯವರು ಹಿಂದೆಗೆಯಲಿಲ್ಲ. ಕ್ರಿಸ್ತಶಕ ಸುಮಾರು 252ರಲ್ಲಿ ಆಫ್ರಿಕದ ಕಾರ್ತೇಜ್ ಪಟ್ಟಣದಲ್ಲಿ ಮಹಾಮಾರಿ ಎದ್ದಾಗ ಜನರು ತಮ್ಮ ರೋಗಿಗಳನ್ನು ಬೀದಿಗೆ ಹಾಕಿ ಓಡಿದರು. ಆ ಸಭೆಯ ಅಧ್ಯಕ್ಷನಾದ ಕಿಪ್ರಿಯಾನನು ಸಭೆಯವರನ್ನು ಕೂಡಿಸಿ, ತಮ್ಮವರನ್ನು ಮಾತ್ರವಲ್ಲದೆ ತಮ್ಮನ್ನು ಹಿಂಸಿಸಿದವರನ್ನೂ ಉಪಚರಿಸಬೇಕೆಂದು ಬೋಧಿಸಿದನು. ಸಭೆಯವರು ಹಣವಿದ್ದವರು ಹಣದಿಂದಲೂ, ಇಲ್ಲದವರು ಕೈಕೆಲಸದಿಂದಲೂ ಆ ಸೇವೆಯನ್ನು ಹಂಚಿಕೊಂಡರು. ಎರಡು ವರುಷಗಳ ಹಿಂದೆ, ಅಂದರೆ 250ರಲ್ಲಿ, ಇದೇ ಸಭೆಯು ರಾಜನ ಆಜ್ಞೆಯಿಂದ ಹಿಂಸೆಯನ್ನು ಅನುಭವಿಸಿತ್ತು. ಐಗುಪ್ತದ ಅಲೆಕ್ಸಾಂದ್ರಿಯದಲ್ಲಿಯೂ ಸಭೆಯವರು ರೋಗಿಗಳನ್ನು ಉಪಚರಿಸುತ್ತಾ ತಾವೇ ಪ್ರಾಣವನ್ನು ಕೊಟ್ಟರೆಂದು ಅಲ್ಲಿಯ ಅಧ್ಯಕ್ಷನಾದ ದಿಯೊನುಸಿಯನ ಪತ್ರದಿಂದ ತಿಳಿದುಬರುತ್ತದೆ.

ಆದರೆ ಇದರಿಂದ ತಪ್ಪಾದ ಪಾಠವನ್ನು ಕಲಿಯಬಾರದು. ಕೆಲವು ರೋಗಗಳು ಉಸಿರಿನಿಂದ ಹರಡುತ್ತವೆ. 2020ರಲ್ಲಿಯೂ 2021ರಲ್ಲಿಯೂ ಕೊರೋನ ವ್ಯಾಧಿಯು ಬಂದಾಗ ಪ್ರೀತಿಯು ದೂರ ನಿಂತು, ಅನ್ನವನ್ನು ಜಗಲಿಯ ಮೇಲೆ ಇಟ್ಟು, ಕೂಗಿ ಹೇಳಿ, ಹಿಂದಿರುಗಬೇಕಾಯಿತು. ಮಂಗನ ಕಾಯಿಲೆಯಲ್ಲಿ ಅದೇ ಪ್ರೀತಿಯು ಹತ್ತಿರ ಹೋಗಿ ಕೈಹಿಡಿಯಬೇಕು. ಎರಡರಲ್ಲಿಯೂ ಪ್ರಶ್ನೆ ಒಂದೇ: ನನ್ನ ನೆರೆಯವನಿಗೆ ಹಿತವಾದದ್ದು ಯಾವದು? ತನ್ನನ್ನು ಉಳಿಸಿಕೊಳ್ಳುವದು ಹೇಗೆಂದು ಮಾತ್ರ ಕೇಳುವವನು ಎರಡು ಕಾಲಗಳಲ್ಲಿಯೂ ತಪ್ಪುತ್ತಾನೆ.

4. ಆಕೆಯು ಎದ್ದು ಸೇವೆ ಮಾಡಿದಳು

ಜ್ವರ ಬಿಟ್ಟ ಕೂಡಲೆ ಆ ಹೆಂಗಸು ಎದ್ದು ಅವರಿಗೆ ಉಪಚಾರ ಮಾಡಿದಳು. ಇದನ್ನು ಓದುವಾಗ ನಾವು, ಮುದುಕಿಯು ಎದ್ದು ಅಡಿಗೆಮನೆಗೆ ಹೋದಳು, ಅಷ್ಟೇ ಎಂದು ದಾಟಿಹೋಗುತ್ತೇವೆ. ಆದರೆ ಮೂಲ ಗ್ರೀಕ್ ಭಾಷೆಯಲ್ಲಿ ಇಲ್ಲಿರುವ ಶಬ್ದವನ್ನು ಮಾರ್ಕನು ಬೇರೆ ಎರಡು ಸ್ಥಳಗಳಲ್ಲಿ ಬಳಸುವದನ್ನು ನೋಡಿರಿ. ಇದೇ ಅಧ್ಯಾಯದ 13ನೆಯ ವಚನದಲ್ಲಿ ಅಡವಿಯಲ್ಲಿದ್ದ ಕರ್ತನಿಗೆ ದೇವದೂತರು ಮಾಡಿದ ಉಪಚಾರಕ್ಕೆ ಈ ಶಬ್ದವೇ ಇದೆ. 10ನೆಯ ಅಧ್ಯಾಯದ 45ನೆಯ ವಚನದಲ್ಲಿ ಮನುಷ್ಯಕುಮಾರನು ತಾನು ಯಾತಕ್ಕೆ ಬಂದೆನೆಂದು ಹೇಳುವಾಗಲೂ ಈ ಶಬ್ದವೇ ಇದೆ. ಹೀಗೆ ದೇವದೂತರ ಕೆಲಸಕ್ಕೂ ಕರ್ತನ ಕೆಲಸಕ್ಕೂ ಈ ಮುದುಕಿಯ ಕೆಲಸಕ್ಕೂ ಒಂದೇ ಹೆಸರು. ಸೀಮೋನನೂ ಯಾಕೋಬ ಯೋಹಾನರೂ ತಮ್ಮಲ್ಲಿ ದೊಡ್ಡವನು ಯಾರೆಂದು ವಾದಿಸುವದಕ್ಕೆ ಎಷ್ಟೋ ಮುಂಚೆ, ಈ ಹೆಂಗಸು ಶಿಷ್ಯತ್ವವನ್ನು ಕಲಿತು ಮುಗಿಸಿದ್ದಳು. ಅಡಿಗೆಮನೆಯ ಕೆಲಸವು ಕೀಳಾದದ್ದೆಂದು ಹೇಳುವವರಿಗೆ ಇದು ಉತ್ತರವಾಗಿದೆ. ಆ ಕೆಲಸವು ಹೆಂಗಸಿನದು ಮಾತ್ರವೆಂದು ಹೇಳುವವರಿಗೂ ಇದೇ ಉತ್ತರವಾಗಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸೀಮೋನನ ಅತ್ತೆಯು ಕರ್ತನ ಕೈಯಿಂದ ಒಂದೇ ಗಳಿಗೆಯಲ್ಲಿ ಪೂರ್ಣವಾಗಿ ಗುಣವಾದವಳು. ನಮ್ಮ ಮನೆಗಳಲ್ಲಿ ಜ್ವರ ಬಿಟ್ಟ ಸೊಸೆಯು ಹಾಗಲ್ಲ. ಅವಳ ಮೈ ತಣ್ಣಗಾದ ಮಾತ್ರಕ್ಕೆ ಅವಳನ್ನು ಒಲೆಯ ಮುಂದಕ್ಕೂ ಕೊಟ್ಟಿಗೆಗೂ ಕಳುಹಿಸಿ, ವೇದದಲ್ಲಿ ಹೀಗೆ ಬರೆದಿದೆ ಎಂದು ಹೇಳುವದು ವೇದವನ್ನು ತಿರುಚುವದೇ ಸರಿ. ಮಂಗನ ಕಾಯಿಲೆಯಲ್ಲಿ ಜ್ವರವು ಬಿಟ್ಟು ಒಂದೆರಡು ವಾರ ಸುಖವಾಗಿದ್ದ ಮೇಲೆ ಕೆಲವರಿಗೆ ಎರಡನೆಯ ಸಲ ಜ್ವರವು ಬರುವದುಂಟು. ಆಗ ಕಡು ತಲೆನೋವು, ಕುತ್ತಿಗೆ ಬಿಗಿತ, ನಡುಕ, ಬುದ್ಧಿಯ ಗಲಿಬಿಲಿ ಕಾಣಿಸಿಕೊಳ್ಳಬಹುದು. ಹೀಗಾದರೆ ಸ್ವಲ್ಪವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎರಡನೆಯ ಜ್ವರ ಬಾರದಿದ್ದರೂ ಬಲವು ತಿರಿಗಿ ಬರಲಿಕ್ಕೆ ವಾರಗಳು ಹಿಡಿಯುವವು. ಆ ವಾರಗಳಲ್ಲಿ ಮನೆಯ ಗಂಡಸು ಹಾಲು ಕರೆಯಲಿ; ಮಗನು ಪಾತ್ರೆ ತೊಳೆಯಲಿ; ಅತ್ತೆಯು ಸೊಸೆಗೆ ಗಂಜಿ ಬಡಿಸಲಿ. ಸೀಮೋನನ ಮನೆಯಲ್ಲಿ ಅಳಿಯನು ಅತ್ತೆಯನ್ನು ಸಾಕಿದನು. ನಮ್ಮ ಮನೆಯಲ್ಲಿ ಅತ್ತೆಯು ಸೊಸೆಯನ್ನು ಆರೈಕೆ ಮಾಡಿದರೆ ಊರಿನವರು ಹತ್ತು ಪ್ರಸಂಗಗಳಿಗಿಂತ ಹೆಚ್ಚಾಗಿ ಅದನ್ನು ಗಮನಿಸುವರು.

5. ಸಾಯಂಕಾಲದಲ್ಲಿ ಊರೆಲ್ಲಾ ಬಾಗಿಲಲ್ಲಿ

ಹೊತ್ತು ಮುಳುಗಿದ ಮೇಲೆ ಊರಿನವರು ತಮ್ಮ ರೋಗಿಗಳನ್ನೆಲ್ಲಾ ಆ ಮನೆಯ ಬಾಗಿಲಿಗೆ ತಂದರು. ಬೆಳಿಗ್ಗೆ ಒಬ್ಬಳ ಜ್ವರವಿದ್ದ ಮನೆಯು ಸಂಜೆಗೆ ಊರಿನ ಆಸ್ಪತ್ರೆಯಾಯಿತು. ದೇವರು ಒಂದು ಮನೆಗೆ ಕೊಟ್ಟ ಸೌಖ್ಯವು ಆ ಮನೆಯಲ್ಲಿಯೇ ಮುಗಿಯತಕ್ಕದ್ದಲ್ಲ.

ಕನ್ನಡ ನಾಡಿನಲ್ಲಿ ಸಭೆಯು ಬೆಳೆದ ಚರಿತ್ರೆಯಲ್ಲಿಯೂ ಇದನ್ನು ಕಾಣುತ್ತೇವೆ. ಬಾಸೆಲ್ ಮಿಶನಿನ ಮೂವರು ಸೇವಕರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಬೋಧನೆಯನ್ನು ಕೇಳಿ ಸಭೆಗೆ ಸೇರಿದವರು ಅನೇಕ ವೇಳೆ ಮನೆ, ಹೊಲ, ಕುಲದ ಕಸಬು ಎಲ್ಲವನ್ನೂ ಕಳಕೊಂಡು ಬರಿಗೈಯಲ್ಲಿ ನಿಂತರು. ಅವರಿಗೆ ಉಪದೇಶ ಮಾತ್ರವನ್ನು ಕೊಟ್ಟು ಕಳುಹಿಸಿದರೆ ಅದು ಪ್ರೀತಿಯಾಗುತ್ತಿತ್ತೇ? ಆದದರಿಂದ ನೇಯ್ಗೆ, ಮುದ್ರಣ ಮೊದಲಾದ ಕೆಲಸಗಳನ್ನು ಆರಂಭಿಸಿದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆಯನ್ನು ಕಟ್ಟಿದರು. ಮಲೆನಾಡಿನ ಮಳೆಯನ್ನು ತಡೆಯುವ ಮಂಗಳೂರು ಹಂಚು ಇಂದಿಗೂ ಎಷ್ಟೋ ಮನೆಗಳ ಮೇಲೆ ಇರುವದಷ್ಟೆ. ಅದರ ಆರಂಭದಲ್ಲಿ ಸೂರು ಕಳಕೊಂಡವರ ಚಿಂತೆಯಿತ್ತೆಂಬದನ್ನು ಜ್ಞಾಪಕದಲ್ಲಿಟ್ಟುಕೊಳ್ಳಿರಿ. 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸೀಮೆಯ ಜನರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ನಾಶವಾದಾಗ ಮಿಶನಿನವರು ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಹೆಂಗಸರಿಗಾಗಿಯೂ ಮಕ್ಕಳಿಗಾಗಿಯೂ ತೆರೆಯಿತು. ಜನರು ಅದನ್ನು ಮಿಶನ್ ಆಸ್ಪತ್ರೆ ಎಂದೇ ಕರೆದರು.

ಇವೆಲ್ಲಾ ದೊಡ್ಡ ಕೆಲಸಗಳು, ನಮ್ಮ ಕೈಗೆ ಸಿಕ್ಕುವಂಥವಲ್ಲ ಎನ್ನಬಹುದು. ಆದರೆ ನಮ್ಮ ಬಾಗಿಲಿನ ಮುಂದೆಯೇ ಇರುವವರು ಯಾರು? ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿದು, ಹಿನ್ನೀರು ಏರಿ, ಅನೇಕ ಹಳ್ಳಿಗಳು ಮುಳುಗಿದವು. ನಾಡಿಗೆಲ್ಲಾ ದೀಪ ಹತ್ತಿತು; ಮುಳುಗಿದ ಊರಿನವರು ಗದ್ದೆ ತೋಟಗಳನ್ನು ಬಿಟ್ಟು ಬೇರೆ ಬೇರೆ ಕಡೆಗೆ ಚದರಿದರು. ಅಂಥವರ ಮಕ್ಕಳು ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕಾಗಿ ಅಲೆಯುವದನ್ನು ಈ ಸೀಮೆಯಲ್ಲಿ ಕಾಣುತ್ತೇವೆ. ಕಾಡಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು, ಸೊಪ್ಪು ಸೌದೆಯಿಂದಲೇ ಬದುಕುವವರಿಗೆ ಕಾಡಿಗೆ ಹೋಗಬೇಡ ಎಂದು ಹೇಳಿದರೆ ಊಟ ಬೇಡ ಎಂದು ಹೇಳಿದಂತೆಯೇ. ಆದದರಿಂದ ಉಣುಗಿನ ಜ್ವರವು ಹೆಚ್ಚಾಗಿ ಬಡವನ ಬಾಗಿಲನ್ನೇ ತಟ್ಟುವದು. ಅಂಥವನಿಗೆ ಮೈಗೆ ಹಚ್ಚುವ ತೈಲವನ್ನು ಆರೋಗ್ಯ ಇಲಾಖೆಯವರಿಂದ ತಂದುಕೊಡುವದು, ಓದುಬರಹ ಬಾರದವನಿಗೆ ಅರ್ಜಿಯನ್ನು ಬರೆದುಕೊಡುವದು, ಅವನು ಆಸ್ಪತ್ರೆಯಲ್ಲಿರುವಾಗ ಅವನ ದನಕ್ಕೆ ಹುಲ್ಲು ಹಾಕುವದು, ಇವು ನಮ್ಮ ಕೈಗೆ ಸಿಕ್ಕುವ ಕೆಲಸಗಳೇ.

ಈ ಸೇವೆಯಲ್ಲಿ ವ್ಯಾಪಾರದ ಬುದ್ಧಿ ಇರಬಾರದು. ಕಪೆರ್ನೌಮಿನ ಬಾಗಿಲಲ್ಲಿ ಕರ್ತನು ಯಾರನ್ನೂ, ನೀನು ಯಾವ ಕುಲ, ನಾಳೆ ಸಭಾಮಂದಿರಕ್ಕೆ ಬರುವಿಯಾ ಎಂದು ಕೇಳಲಿಲ್ಲ. ರೋಗಿಯ ಬಲಹೀನತೆಯನ್ನು ಸಮಯವೆಂದು ಹಿಡಿದು ಅವನಿಂದ ಮಾತು ತೆಗೆದುಕೊಳ್ಳುವವನು ಪ್ರೀತಿಸುವವನಲ್ಲ, ಬಲೆಯೊಡ್ಡುವವನು. ನೀವು ಯಾಕೆ ಹೀಗೆ ಮಾಡುತ್ತೀರಿ ಎಂದು ನೆರೆಯವನು ತಾನಾಗಿ ಕೇಳಿದರೆ ಕರ್ತನ ಹೆಸರನ್ನು ನಾಚಿಕೆಯಿಲ್ಲದೆ ಹೇಳಿರಿ. ಕೇಳದಿದ್ದರೆ ಗಂಜಿಯ ಪಾತ್ರೆಯನ್ನು ತೊಳೆದಿಟ್ಟು ಮನೆಗೆ ಬನ್ನಿರಿ.

ನಮಗೇ ಇಲ್ಲದಿರುವಾಗ ಏನು ಕೊಡೋಣ?

ಹೀಗೆ ಕೇಳುವವರು ನಮ್ಮ ಸಭೆಗಳಲ್ಲಿ ಬಹಳ ಮಂದಿ. ಅವರ ಕೇಳುವಿಕೆಯು ಸುಳ್ಳಲ್ಲ. ದಿನಗೂಲಿಯ ಮನೆಯೊಂದನ್ನು ಎಣಿಸಿಕೊಳ್ಳೋಣ. ಗಂಡನು ನೆರೆಯವನನ್ನು ಆಸ್ಪತ್ರೆಗೆ ಕರಕೊಂಡು ಹೋದರೆ ಆ ದಿನದ ಕೂಲಿ ಹೋಗುವದು. ಆ ದಿನದ ಅಕ್ಕಿಗೆ ಏನು ಗತಿ? ಇದಕ್ಕೆ ಉತ್ತರವನ್ನು ಒಬ್ಬನೇ ಹುಡುಕಬೇಕಾಗಿಲ್ಲ. ಇದಕ್ಕಾಗಿಯೇ ಸಭೆ ಇರುವದು. ಹತ್ತು ಮನೆಗಳು ವಾರಕ್ಕೆ ಒಂದೊಂದು ಪಾವು ಅಕ್ಕಿಯನ್ನು ಕೂಡಿಸಿಟ್ಟರೆ, ಕೂಲಿ ಬಿಟ್ಟು ಹೋದವನ ಮನೆಯ ಒಲೆಯು ಆರುವದಿಲ್ಲ. ಒಬ್ಬನು ರೋಗಿಯ ಜೊತೆಯಲ್ಲಿ ಹೋಗಲಿ, ಇನ್ನೊಬ್ಬನು ಅವನ ತೋಟದ ಕೆಲಸಕ್ಕೆ ನಿಲ್ಲಲಿ. ಯೆರಿಕೋವಿನ ದಾರಿಯ ಸಮಾರ್ಯದವನೂ ಎಲ್ಲವನ್ನೂ ತಾನೇ ಮಾಡಲಿಲ್ಲ. ಛತ್ರದವನ ಕೈಯಲ್ಲಿ ಎರಡು ನಾಣ್ಯಗಳನ್ನು ಕೊಟ್ಟು, ಉಳಿದದ್ದನ್ನು ಹಿಂದಿರುಗಿ ಬಂದಾಗ ಕೊಡುವೆನೆಂದು ಹೇಳಿ ತನ್ನ ಪ್ರಯಾಣವನ್ನು ಮುಂದರಿಸಿದನು. ಪ್ರೀತಿಗೆ ಲೆಕ್ಕವೂ ಏರ್ಪಾಡೂ ತಿಳಿದಿರಬೇಕು.

ದಣಿವಿನ ವಿಷಯವೂ ಉಂಟು. ಅಷ್ಟು ಜನರನ್ನು ಗುಣಮಾಡಿದ ರಾತ್ರಿಯು ಕಳೆದು, ಇನ್ನೂ ಕತ್ತಲಿರುವಾಗಲೇ ಕರ್ತನು ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು. ಸೇವೆಯು ಹೆಚ್ಚಾದಷ್ಟೂ ಪ್ರಾರ್ಥನೆಯು ಕಡಿಮೆಯಾಗಬಹುದೆಂದು ಆತನು ಎಣಿಸಲಿಲ್ಲ. ದೀಪಕ್ಕೆ ಎಣ್ಣೆ ಹೊಯ್ಯದೆ ಬತ್ತಿಯನ್ನು ಮಾತ್ರ ಮೇಲಕ್ಕೆ ತಳ್ಳುತ್ತಾ ಹೋದರೆ ಬತ್ತಿಯೇ ಸುಟ್ಟುಹೋಗುವದು. ಆದದರಿಂದ ಮನೆಯವರೆಲ್ಲರೂ ಕೂಡಿ ದಿನಕ್ಕೆ ಒಂದು ಸಲ, ಸ್ವಲ್ಪ ಹೊತ್ತಾದರೂ, ವೇದವನ್ನು ಓದಿ ಪ್ರಾರ್ಥಿಸುವದನ್ನು ಬಿಡಬೇಡಿರಿ. ಓದಲು ಬಾರದ ಮನೆಯಲ್ಲಿ ಶಾಲೆಗೆ ಹೋಗುವ ಮಗುವು ಓದಲಿ, ಹಿರಿಯರು ಕೇಳಲಿ.

ಈ ತಿಂಗಳಲ್ಲಿ ಮಾಡತಕ್ಕದ್ದು

ಸಭೆಯ ಹಿರಿಯರು ಒಂದು ಸಂಜೆ ಕೂಡಿ, ನಿಮ್ಮ ಊರಿನಲ್ಲಿ ಒಂಟಿಯಾಗಿರುವ ಮುದುಕರೂ ವಿಧವೆಯರೂ ರೋಗಿಗಳೂ ಯಾರಾರು ಇದ್ದಾರೆಂದು, ಜಾತಿ ಮತಗಳನ್ನು ನೋಡದೆ, ಒಂದು ಪಟ್ಟಿಯನ್ನು ಬರೆಯಿರಿ. ಒಂದೊಂದು ಮನೆಯನ್ನು ಒಂದೊಂದು ಕುಟುಂಬಕ್ಕೆ ಒಪ್ಪಿಸಿರಿ. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿಕೊಂಡು, ತೈಲವನ್ನು ಹಚ್ಚಿಕೊಂಡು, ತರಗಿನ ಮೇಲೆ ಕೂತುಕೊಳ್ಳದೆ, ಹಿಂದಿರುಗಿದ ಕೂಡಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪಿನಿಂದ ಮೈ ತೊಳೆದುಕೊಳ್ಳಬೇಕೆಂದು ಮನೆಮನೆಗೂ ಹೇಳಿರಿ. ಜ್ವರ ಬಂದವನನ್ನು ಮರುದಿನಕ್ಕೆ ಬಿಡದೆ ಸಮೀಪದ ಸರಕಾರಿ ಆಸ್ಪತ್ರೆಗೆ ಕರಕೊಂಡು ಹೋಗಿರಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಸೀಮೋನನು ಎಲ್ಲವನ್ನೂ ಬಿಟ್ಟು ಕರ್ತನನ್ನು ಹಿಂಬಾಲಿಸಿದರೂ ತನ್ನ ಅತ್ತೆಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದನು. ಇವೆರಡೂ ಹೇಗೆ ಹೊಂದುತ್ತವೆ?
2. ಸತ್ತ ಮಂಗವನ್ನು ಕಂಡು ಸುಮ್ಮನೆ ಬರುವವನಿಗೂ ಯೆರಿಕೋವಿನ ದಾರಿಯ ಲೇವಿಗೂ ಏನು ಹೋಲಿಕೆ?
3. ನಮ್ಮ ಊರಿನಲ್ಲಿ ಭಯದಿಂದ ಜನರು ಕಾಲಿಡದ ಮನೆ ಯಾವದು? ಆ ಭಯಕ್ಕೆ ನಿಜವಾದ ಕಾರಣವಿದೆಯೇ?
4. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟ ಮಾಡುವವರು ಯಾರು? ಎಲ್ಲರಿಗಿಂತ ಮೊದಲು ಏಳುವವರು ಯಾರು? ಇದನ್ನು ಬದಲಿಸಲಿಕ್ಕೆ ಈ ವಾರದಲ್ಲಿ ಏನು ಮಾಡಬಹುದು?
5. ಪ್ರತಿಫಲವನ್ನು ಎದುರು ನೋಡದೆ ಸೇವೆ ಮಾಡುವದು ಯಾಕೆ ಕಷ್ಟವಾಗಿದೆ?

ಪ್ರಾರ್ಥನೆ

ಸೀಮೋನನ ಮನೆಗೆ ಬಂದ ಕರ್ತನೇ, ನಮ್ಮ ಮನೆಗಳಿಗೂ ಬಾ. ಒಳಕೋಣೆಯಲ್ಲಿ ಮಲಗಿರುವವರನ್ನು ಕೈಹಿಡಿದು ಎಬ್ಬಿಸು. ಅವರನ್ನು ಕಂಡೂ ಕಾಣದಂತಿರುವ ನಮ್ಮ ಕಣ್ಣುಗಳನ್ನು ತೆರೆ. ಈ ಬೇಸಿಗೆಯಲ್ಲಿ ಕಾಡಿಗೆ ಹೋಗುವವರನ್ನೂ ಅವರಿಗಾಗಿ ದಾರಿ ನೋಡುವವರನ್ನೂ ಕಾಪಾಡು. ವೈದ್ಯರಿಗೂ ದಾದಿಯರಿಗೂ ಮನೆಮನೆ ತಿರುಗುವ ಆಶಾ ಅಕ್ಕಂದಿರಿಗೂ ಬಲವನ್ನು ಕೊಡು. ನಾವು ಒಬ್ಬರನ್ನೊಬ್ಬರು ಪ್ರೀತಿಸುವದರಿಂದ ನಿನ್ನ ಶಿಷ್ಯರೆಂದು ಊರಿನವರಿಗೆ ತಿಳಿದುಬರಲಿ. ಆಮೆನ್.